ಊಟ ಮುಗಿಯದೆ ಗುಂಡು ಹಾರಿಸದ ಕೌಬಾಯ್

೧೯೮೨ರಲ್ಲಿ, ಒಂಬತ್ತನೇ ಕ್ಲಾಸಿಗೇ ನಾನು ಓದು ನಿಲ್ಲಿಸಿದೆ. ವೆಲ್ಡಿಂಗ್ ಕಲಿತೆ, ಆಸ್ಟ್ರೇಲಿಯಾದ ಅಡಿಲೇಡಿನ ಕಿಲ್ಬರ್ನ್‌ವರೆಗೂ ಬಂದೆ, ಸ್ವಂತ ಶೆಡ್ ಹಾಕಿದೆ. ಕಬ್ಬಿಣ ಬೆಸೆದವನಿಗೆ ಕಥೆ ಬೆಸೆಯುವುದು ಯಾವ ಮಹಾ! ನಲವತ್ತೈದನೇ ವಯಸ್ಸಿನಲ್ಲಿ ಕೌಬಾಯ್ ಚಿತ್ರಗಳ ಕಥೆಗಾರನಾಗಲು ತೀರ್ಮಾನಿಸಿದೆ.

ನನ್ನ ಇಂಜಿನಿಯರ್ ಭಾವಮೈದ ರವಿ ನಕ್ಕ. "ಭಾವ, ಅದಕ್ಕೂ ಸ್ವಲ್ಪ ಓದಿರಬೇಕಲ್ವಾ?"

"ತೆರೆ ಮೇಲೆ ನಮ್ಮನೆ ಹೆಸರು ಬರುತ್ತೆ ಕಣೋ. ಅವತ್ತು ನೀನೇ ಎದ್ದು ನಿಂತು ಓದು!" ಎಂದೆ.

ನಾನು ಹೇಳಿದ್ದನ್ನು ಮಗಳು ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ಅದನ್ನು ಹೊತ್ತುಕೊಂಡು ಪರ್ತ್‌ಗೆ ಹಾರಿದೆ. ಅಲ್ಲೊಬ್ಬ ನಿರ್ಮಾಪಕ ಓದುತ್ತಾ ಹೋದ, ಹೋದ, ನಿಂತ.

"ವಿಲನ್ ಪಿಸ್ತೂಲು ಹಿಡಿದು ಹೀರೋ ಮನೆಗೆ ಬಂದ. ಸರಿ. ಮೂವತ್ತು ಪುಟ ಆದರೂ ಗುಂಡು ಯಾಕೆ ಹಾರಿಲ್ಲ?"

"ಊಟ ಮಾಡ್ತಿದ್ದಾನಲ್ಲ ಸಾರ್! ಮನೆಗೆ ಬಂದವನನ್ನ ಬರೀ ಹೊಟ್ಟೇಲಿ ಸಾಯಿಸೋಕಾಗುತ್ತಾ?"

"ಆಮೇಲೆ?"

"ಆಮೇಲೆ ಎಲೆಅಡಿಕೆ."

ಆಮೇಲೆ ನಾನು ವಿಮಾನ ನಿಲ್ದಾಣದಲ್ಲಿದ್ದೆ.

ಬ್ರಿಸ್ಬೇನಿನ ಟಿವಿಯವರಿಗೆ ಎಂಟು ಕಂತಿನ ಧಾರಾವಾಹಿ ಬೇಕಿತ್ತು. ಪಾಠ ಕಲಿತಿದ್ದೆನಲ್ಲ, ಮೊದಲ ಕಂತಿನಲ್ಲೇ ಗುಂಡಿನ ಸುರಿಮಳೆ! ವಿಲನ್ ಸತ್ತ, ಶೆರಿಫ್ ಸತ್ತ, ಆವೇಶದಲ್ಲಿ ಹೀರೋನೂ ಸತ್ತ.

"ಉಳಿದ ಏಳು ಕಂತಿನಲ್ಲಿ ಯಾರಿರ್ತಾರೆ?" ಎಂದು ಕೇಳಿದರು.

"ಕುದುರೆ," ಎಂದೆ.

ವಾಪಸ್ ಬಂದ ಮೇಲೆ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. "ರೀ, ಆ ಕೌಬಾಯ್ ಬೂಟು, ಟೋಪಿ ಹಾಕ್ಕೊಂಡು ಅಡುಗೆಮನೇಲಿ ಅಡ್ಡಾಡಬೇಡಿ!" ಎಂದು ಹೆಂಡತಿ ಮಂಗಳಾ ಗದರಿದಳು.

ಕೊನೆಗೆ ಅಡಿಲೇಡಿನಲ್ಲೇ ಒಬ್ಬ ನಿರ್ದೇಶಕಿ ಒಪ್ಪಿದಳು. ತನ್ನ ಚಿತ್ರಕ್ಕೆ ನನ್ನ ಊಟದ ದೃಶ್ಯವೊಂದೇ ಸಾಕು, ಅದು ತೆರೆಗೆ ಬಂದರೆ ಜೊತೆಗೆ ನನ್ನ ಹೆಸರೂ ಬರುತ್ತೆ ಎಂದಳು. ಶೂಟಿಂಗ್ ದಿನ ಹೋಗಿ ನೋಡುತ್ತೇನೆ, ನಟರ ಕೈಯಲ್ಲಿ ಒಣ ಬಿಸ್ಕತ್ತು! ಇದನ್ನಿಟ್ಟುಕೊಂಡು ನನ್ನ ಊಟದ ದೃಶ್ಯ ಆಡುವುದೇ? ಮಂಗಳಾಗೆ ಫೋನ್ ಹಚ್ಚಿದೆ. ಕೊಳಗದ ತುಂಬ ಪುಳಿಯೋಗರೆ ಬಂತು, ಹಿಂದೆಯೇ ಮೊಸರನ್ನ. "ಇನ್ನೊಂಚೂರು, ಇನ್ನೊಂಚೂರು," ಎಂದು ನಾನೇ ಬಡಿಸಿದೆ. ಹೀರೋ, ವಿಲನ್ ಇಬ್ಬರೂ ನೀಲಗಿರಿ ಮರದಡಿ ಒಬ್ಬರಿಗೊಬ್ಬರು ಒರಗಿ ಗೊರಕೆ ಹೊಡೆದರು. ಎಬ್ಬಿಸುವಷ್ಟರಲ್ಲಿ ಬೆಳಕು ಹೋಗಿತ್ತು. ಇನ್ನೊಂದು ದಿನ ತೆಗೆಯೋಣ ಎಂದಳು ನಿರ್ದೇಶಕಿ. ಆ ದಿನ ಬರಲೇ ಇಲ್ಲ.

ದೃಶ್ಯ ಹೋದರೂ ಹೆಸರಾದರೂ ಉಳಿದೀತು ಎಂಬ ಆಸೆ. ಚಿತ್ರ ಟಿವಿಯಲ್ಲಿ ಬಂದ ದಿನ ರವಿ ನಮ್ಮ ಸೋಫಾದಲ್ಲಿ ಹಾಜರ್. ಕೊನೆಯಲ್ಲಿ ಹೆಸರುಗಳು ಮೇಲೇರತೊಡಗಿದವು. ಒಮ್ಮೆಲೇ ಅವನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಓದಿದ:

"ಊಟದ ವ್ಯವಸ್ಥೆ, ಮಂಗಳಾ!"

ನನ್ನ ಹೆಸರೂ ಬರುತ್ತದೆಂದು, ಆಮೇಲೆ ಬಂದ ಜಾಹೀರಾತು ಮುಗಿಯುವವರೆಗೂ ಕಾದೆ.

ಈಗ ನನ್ನ ಬಳಿ ಇರುವುದು ಯಾರಿಗೂ ಬೇಡವಾದ ಚಿತ್ರಕಥೆ ಎರಡು, ಕೌಬಾಯ್ ಟೋಪಿ ಒಂದು, ಟಿವಿಯಲ್ಲಿ ಹೆಸರು ಬಂದ ಹೆಂಡತಿ ಒಬ್ಬಳು.