‘ಗಿರಿಸಖಿ’ ಬ್ಯಾಗಿನ ತಯಾರಕರಿಗೆ, ಬೆನ್ನಿರುವ ಹೆಂಗಸೊಬ್ಬಳಿಂದ

ನಂಜನಗೂಡು
ಏಪ್ರಿಲ್ ೨೦೦೩

ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ ‘ಗಿರಿಸಖಿ’ ಎಂಬ ಮಹಿಳೆಯರ ಚಾರಣದ ಬ್ಯಾಗನ್ನು ಹೊಲಿಸುತ್ತಿರುವ ಮಾಲೀಕರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು, ತಮ್ಮ ಮ್ಯಾನೇಜರು, ತಮ್ಮ ಹೊಲಿಗೆ ಮೆಷಿನ್ನುಗಳು ಮತ್ತು ತಮ್ಮ ಗೇಟಿನ ಮುಂದೆ ಸದಾ ಮಲಗಿರುವ ಆ ಕಂದು ನಾಯಿ, ಎಲ್ಲರೂ ಶ್ರೀಕಂಠೇಶ್ವರನ ದಯೆಯಿಂದ ಸೌಖ್ಯವಾಗಿರುವಿರೆಂದು ನಂಬಿದ್ದೇನೆ. ನಾನೂ ಸೌಖ್ಯ, ಎರಡು ಭುಜಗಳನ್ನು ಬಿಟ್ಟು. ತಮ್ಮಂಥ ದೊಡ್ಡವರಿಗೆ ಹೀಗೆ ಊರಿಗೆಲ್ಲ ಕಾಣುವಂತೆ ಪತ್ರಿಕೆಯಲ್ಲಿ ಬರೆಯುವುದು ಅಧಿಕಪ್ರಸಂಗವೆಂದು ಬಲ್ಲೆ. ಆದರೆ ಅಂಚೆಯಲ್ಲಿ ಕಳಿಸಿದ ಕಾಗದಕ್ಕೆ ಉತ್ತರವಾಗಿ ತಾವು ಬಣ್ಣದ ಕ್ಯಾಟಲಾಗೊಂದನ್ನೇ ಕಳಿಸಿಕೊಟ್ಟಿದ್ದರಿಂದ, ತಮಗೆ ಅಚ್ಚಾದದ್ದರ ಮೇಲೆ ಒಲವು ಹೆಚ್ಚೆಂದು ತಿಳಿದು ಇದನ್ನೂ ಅಚ್ಚಿಗೆ ಕೊಟ್ಟಿದ್ದೇನೆ.

ನನ್ನ ಹೆಸರು ಮಂಗಳಗೌರಿ, ತಿ. ನರಸೀಪುರದ ಹೈಸ್ಕೂಲೊಂದರಲ್ಲಿ ಆಟದ ಟೀಚರು. ನಂಜನಗೂಡಿನಿಂದ ದಿನವೂ ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬರುವವಳಾದ್ದರಿಂದ ನನ್ನ ಕಾಲುಗಳ ಬಗ್ಗೆ ಯಾರೂ ಸಂಶಯ ಪಡಬೇಕಾಗಿಲ್ಲ. ಜಿಲ್ಲೆಯ ಶಿಕ್ಷಕಿಯರ ತಂಡವೊಂದು ಮೇ ತಿಂಗಳಲ್ಲಿ ಹಿಮಾಲಯಕ್ಕೆ ಚಾರಣ ಹೊರಡುವುದೆಂದು ತಿಳಿದಾಗ ನಾನೂ, ನಮ್ಮ ಶಾಲೆಯ ಕನ್ನಡ ಟೀಚರಾದ ಹೆಮ್ಮಿಗೆಯ ಚಲುವಮ್ಮನವರೂ ಕುಣಿದುಕೊಂಡು ಹೆಸರು ಕೊಟ್ಟೆವು. ನಾವಿಬ್ಬರೂ ಅದುವರೆಗೆ ಹಿಮ ನೋಡಿದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಆದರೆ ಹೆಸರು ಕೊಟ್ಟರೆ ಸಾಲದು, ತುಂಬಿದ ಬ್ಯಾಗು ಹೊತ್ತು ನಡೆದು ತೋರಿಸಿದವರಿಗಷ್ಟೇ ಜಾಗವೆಂದು ತಂಡದ ನಾಯಕರೂ ಮಾಜಿ ಸೈನಿಕರೂ ಆದ ದೇವಯ್ಯನವರು ಮೊದಲೇ ಕಟ್ಟುನಿಟ್ಟು ಮಾಡಿದ್ದರು.

ಆಗ ನಮ್ಮ ಕಣ್ಣಿಗೆ ಬಿದ್ದದ್ದೇ ತಮ್ಮ ಗಿರಿಸಖಿ. ಆಹಾ, ಅದರ ಚೆಂದವನ್ನು ಏನೆಂದು ಬಣ್ಣಿಸಲಿ! ಗುಲಾಬಿ ಬಣ್ಣ, ಮೇಲೊಂದು ಚಿಟ್ಟೆ, ಒಳಗೆ ಕನ್ನಡಿ ಇಟ್ಟುಕೊಳ್ಳಲು ಪುಟ್ಟ ಜೇಬು. ಮಂಜಿನ ಗಾಳಿಯಲ್ಲಿ ಉಸಿರು ಸಿಕ್ಕಿಕೊಂಡು ನಿಂತಾಗ ಹೆಂಗಸಿಗೆ ಮೊದಲು ಬೇಕಾಗುವುದು ಹಣೆಬೊಟ್ಟು ನೆಟ್ಟಗಿದೆಯೇ ಎಂದು ನೋಡಿಕೊಳ್ಳುವುದೆಂಬುದನ್ನು ತಾವು ಹೇಗೆ ಕಂಡುಕೊಂಡಿರೋ ನಾ ಕಾಣೆ. ‘ಹೆಣ್ಣಿನ ಮೈಗೆಂದೇ ಹೊಲಿದದ್ದು’ ಎಂದು ಚೀಟಿ ಬೇರೆ ನೇತಾಡುತ್ತಿತ್ತು. ನಾವು ಆ ಚೀಟಿಯನ್ನು ನಂಬಿದೆವು.

ಪರೀಕ್ಷೆಯ ನಡಿಗೆ ಹೆಮ್ಮಿಗೆಯ ಕಡೆಯ ನಾಲೆ ಏರಿಯ ಮೇಲೆ. ಬ್ಯಾಗಿನ ಭಾರವೆಲ್ಲ ಸೊಂಟದ ಮೂಳೆಯ ಮೇಲೆ ಕೂರಬೇಕು, ಹೆಗಲು ಸುಮ್ಮನೆ ಅದು ಹಿಂದಕ್ಕೆ ವಾಲದಂತೆ ಹಿಡಿದುಕೊಂಡಿರಬೇಕು ಎಂದು ತಮ್ಮ ಕ್ಯಾಟಲಾಗಿನಲ್ಲೇ ಚಿತ್ರ ಸಮೇತ ಬರೆದಿದೆಯಷ್ಟೆ. ಗಿರಿಸಖಿಯ ಸೊಂಟದ ಪಟ್ಟಿಯಾದರೋ, ನಾವು ಎಷ್ಟು ಎಳೆದು ಜಗ್ಗಿದರೂ ಸೊಂಟದ ಕಡೆ ಸುಳಿಯದೆ ಪಕ್ಕೆಲುಬಿನ ಕೆಳಗೆ ಹೊಟ್ಟೆಯನ್ನು ಒತ್ತಿ ಹಿಡಿದು ಕೂತಿತು. ಬಿಗಿದರೆ ಉಸಿರಿಲ್ಲ, ಸಡಿಲಿಸಿದರೆ ಇಡೀ ಭಾರ ಭುಜಕ್ಕೆ. ಅರ್ಧ ದಾರಿ ಕಳೆಯುವಷ್ಟರಲ್ಲಿ ನನ್ನ ಬೆರಳುಗಳು ಜೋಮು ಹಿಡಿದವು, ಚಲುವಮ್ಮನವರು ನಾಲೆಯ ಸೋಪಾನದ ಮೆಟ್ಟಿಲ ಮೇಲೆ ಕುಸಿದು ಕೂತರು. ಚಿಕ್ಕಂದಿನಿಂದ ಹುಲ್ಲಿನ ಹೊರೆ ಹೊತ್ತು ಬೆಳೆದ ಹೆಂಗಸು ಅವರು. ಅವರು ಭಾರಕ್ಕೆ ಕುಸಿದದ್ದನ್ನು ಹೆಮ್ಮಿಗೆಯವರು ಯಾರೂ ಅದುವರೆಗೆ ಕಂಡಿರಲಿಲ್ಲ, ಅವತ್ತು ಎತ್ತು ಮೇಯಿಸುತ್ತಿದ್ದವರೆಲ್ಲ ನಿಂತು ನೋಡಿದರು.

ದೇವಯ್ಯನವರು ಕೆಟ್ಟವರಲ್ಲ. ಬಹಳ ಮರ್ಯಾದೆಯಿಂದಲೇ ಹತ್ತಿರ ಬಂದು, “ಬೇಜಾರ್ ಮಾಡ್ಕಬ್ಯಾಡಿ ಮೇಡಂ, ನಿಮ್ ಮೈಕಟ್ಟು ಇದ್ಕಲ್ಲ” ಎಂದರು. ಮಾನ್ಯರೇ, ಆ ಮಾತನ್ನು ನಾನು ನಂಬಿಬಿಟ್ಟೆ. ಮಕ್ಕಳಿಗೆ ಕಬಡ್ಡಿ, ಖೊಖೊ ಕಲಿಸುವ ನಾನು, ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ನನ್ನ ಭುಜ ಇಷ್ಟೇನೇ, ನನ್ನ ಬೆನ್ನು ಇಷ್ಟೇನೇ ಎಂದು ನೋಡಿಕೊಂಡೆ. ನನಗೆ ತಮ್ಮ ಮೇಲೆ ಇರುವ ಸಿಟ್ಟೆಲ್ಲ ಆ ಹೊತ್ತಿನದು. ಉಳಿದದ್ದನ್ನು ಬೇಕಾದರೆ ಮನ್ನಿಸಿಬಿಡುತ್ತೇನೆ.

ಗಿರಿಸಖಿಯನ್ನು ಅಟ್ಟಕ್ಕೆ ಎಸೆದು ಸುಮ್ಮನಾಗಿದ್ದಾಗ ಒಂದು ಸಂಜೆ ಕವನ ಬಂದಳು. ಅವಳು ನನ್ನ ಹಳೆಯ ವಿದ್ಯಾರ್ಥಿನಿ, ಈಗ ನಮ್ಮ ಬೀದಿಯಲ್ಲೇ ಇದ್ದುಕೊಂಡು ತಮ್ಮ ಕಾರ್ಖಾನೆಯಲ್ಲಿ ಹೊಲಿಗೆಗೆ ಹೋಗುವವಳು. ನನ್ನ ಕಥೆ ಕೇಳಿ ಪಾಪ ಎನ್ನುವ ಬದಲು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ತಿಳಿದ ಸಂಗತಿಯನ್ನು ತಮಗೆ ನಾನು ಹೇಳುವುದು ಅನವಶ್ಯಕ, ಆದರೆ ಓದುವವರಿಗೆ ಬೇಕಲ್ಲ.

ಮಹಿಳೆಯರ ಬ್ಯಾಗು ಮಾಡುವುದಾದರೆ ಮಹಿಳೆಯರ ಬೆನ್ನಿನ ಅಳತೆಯೇ ಆಗಬೇಕೆಂದು ತಾವು ಹಟ ಹಿಡಿದಿರಂತೆ. ಎಂಥ ಉದಾತ್ತ ಮನಸ್ಸು! ಆದರೆ ಟೇಪು ಹಿಡಿದು ಬಂದ ತಮ್ಮ ಕಟಿಂಗ್ ಮಾಸ್ತರು ಶಿವಣ್ಣನವರನ್ನು ಕಂಡು ಹೊಲಿಗೆಯ ಹೆಂಗಸರು ಗೋಡೆಗೆ ಅಂಟಿ ನಿಂತರು, ಹೆಂಗಸರನ್ನು ಕಂಡು ಶಿವಣ್ಣನವರು ಬಾಗಿಲ ಆಚೆಗೇ ನಿಂತರು. ನಮ್ಮ ಕಡೆ ಟೈಲರಿನ ಮುಂದೆ ನಿಂತು ಮೈ ಅಳೆಸಿಕೊಳ್ಳುವವರು ಯಾರಿದ್ದಾರೆ? ಚೆನ್ನಾಗಿ ಕೂರುವ ಹಳೆಯ ರವಿಕೆಯೊಂದನ್ನು ಅಳತೆಗೆಂದು ಬಟ್ಟೆಯ ಜೊತೆ ಸುತ್ತಿ ಕೊಟ್ಟರೆ ಆಯಿತು. ಆದ್ದರಿಂದ ಯಾರೋ ಜಾಣರು, ಎಲ್ಲರೂ ಒಂದೊಂದು ಅಳತೆ ರವಿಕೆ ತನ್ನಿ ಎಂದರು. ಎಲ್ಲರಿಗೂ ಜೀವ ಬಂದಂತಾಯಿತು. ಕವನ ತನ್ನದರ ಜೊತೆಗೆ ಬೀದಿಯವರದನ್ನೂ ಕೂಡಿಸಿಕೊಂಡು ಹೋದಳು. ಏನಕ್ಕೆಂದೂ ಕೇಳದೆ ನಾನೂ ನನ್ನ ಮೆರೂನ್ ರವಿಕೆಯನ್ನು ಕೊಟ್ಟು ಕಳಿಸಿದ್ದೆ. ಶಿವಣ್ಣನವರು ಆ ರಾಶಿಯ ಮುಂದೆ ನೆಮ್ಮದಿಯಾಗಿ ಕೂತು ಪ್ರತಿ ರವಿಕೆಯನ್ನೂ ಕೊರಳಿನಿಂದ ಕೆಳ ಅಂಚಿನವರೆಗೆ ಅಳೆದು, ಇಷ್ಟೇ ಹೆಣ್ಣಿನ ಬೆನ್ನು ಎಂದು ತೀರ್ಮಾನ ಮಾಡಿದರು.

ರವಿಕೆ ಮುಗಿದಲ್ಲಿಗೆ ಹೆಣ್ಣು ಮುಗಿಯಿತೆಂಬ ಈ ಶೋಧವನ್ನು ವೈದ್ಯಕೀಯ ಕಾಲೇಜುಗಳಿಗೆ ಇನ್ನೂ ತಿಳಿಸಿಲ್ಲವೇಕೆ? ಅಲ್ಲಿಂದ ಸೊಂಟದವರೆಗೆ ನಾವು ಗಾಳಿಯಲ್ಲಿ ತೇಲುತ್ತೇವೆಂದೇ ತಾವು ತಿಳಿದಂತಿದೆ. ಒಳಗೆ ರಾಗಿ ಬೀಸಿದ ಹಿಟ್ಟನ್ನು ಜರಡಿ ಹಿಡಿಯುತ್ತಿದ್ದ ನಮ್ಮತ್ತೆ ಎಲ್ಲವನ್ನೂ ಕೇಳಿಸಿಕೊಂಡು, “ಅಳ್ತೆ ರವ್ಕೆ ಕೊಟ್ಟು ಲಂಗ ಒಲ್ಸಕ್ಕಾದದೇನವ್ವಾ?” ಎಂದರು. ಇಷ್ಟು ಕೇಳುವ ಒಬ್ಬ ಅತ್ತೆ ತಮ್ಮ ಕಾರ್ಖಾನೆಯಲ್ಲಿ ಇಲ್ಲದೆ ಹೋದದ್ದು ತಮ್ಮ ದುರದೃಷ್ಟ.

ಆ ಸಂಜೆಯೇ ಕವನ, ತಮ್ಮ ಕ್ಯಾಟಲಾಗನ್ನೇ ಮುಂದೆ ಹರಡಿಕೊಂಡು, ನನ್ನ ತಲೆ ಬಗ್ಗಿಸಿ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮೇಲ್ಗಡೆಯವರೆಗೆ ನೂಲು ಹಿಡಿಯಲು ನಮ್ಮತ್ತೆಗೆ ಹೇಳಿದಳು. ನನ್ನ ಮದುವೆಯಾದಾಗಿನಿಂದ ನಮ್ಮತ್ತೆ ನನ್ನ ಅಡುಗೆಯನ್ನು ನೋಡಿದ್ದರು, ನಡಿಗೆಯನ್ನು ನೋಡಿದ್ದರು, ಚೂಡಿದಾರವನ್ನಂತೂ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ್ದರು. ಬೆನ್ನನ್ನು ನೋಡಿದ್ದು ಅವತ್ತೇ. ಹಿಟ್ಟಿನ ಕೈಯನ್ನು ಮೇಲಿಂದ ಕೆಳಕ್ಕೆ ಒಂದು ಸಲ ಎಳೆದು, “ಬೆನ್ನು ಸರ್ಯಾಗೇ ಅದೆ ಕಣವ್ವ” ಎಂದರು. ನನಗೆ ಅಳು ಬಂತು. ಹಿಟ್ಟು ಕಣ್ಣಿಗೆ ಬಿತ್ತೆಂದು ಹೇಳಿದೆ.

ಹೆಗಲ ಪಟ್ಟಿಗಳನ್ನು ಬಿಚ್ಚಿ ನೂಲಿನ ಅಳತೆಗೆ ಸರಿಯಾಗಿ ಮೇಲಕ್ಕೆ ಏರಿಸಿ ಕವನ ದಬ್ಬಳದಲ್ಲಿ ಹೊಲಿದಳು. ಈಗ ಬ್ಯಾಗು ಹೊತ್ತರೆ ಸೊಂಟದ ಪಟ್ಟಿ ಸೊಂಟಕ್ಕೇ ಬರುತ್ತದೆ. ಮೊದಲು ಎಲ್ಲ ಪಟ್ಟಿ ಸಡಿಲಿಸಿ, ಸೊಂಟದ್ದನ್ನು ಮೂಳೆಯ ಮೇಲೆ ಕೂರಿಸಿ ಬಿಗಿದು, ಆಮೇಲೆ ಹೆಗಲಿನದನ್ನು ಮೆತ್ತಗೆ ಎಳೆದುಕೊಂಡು, ಎದೆಯ ಪಟ್ಟಿಯನ್ನು ಕೊನೆಗೆ ಉಸಿರಾಡಲು ಜಾಗ ಬಿಟ್ಟು ಹಾಕಿಕೊಂಡಾಗ, ಅದೇ ಭಾರ ಅರ್ಧಕ್ಕೆ ಇಳಿದಂತಾಯಿತು. ದೇವಯ್ಯನವರನ್ನು ಕಾಡಿ ಬೇಡಿ ಮತ್ತೊಂದು ಪರೀಕ್ಷೆ ಗಿಟ್ಟಿಸಿಕೊಂಡು ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿದೆ. ದೊಡ್ಡ ಬಸವನ ಹತ್ತಿರ ಅವರು ನೀರು ಕುಡಿಯಲು ನಿಂತರು, ನಾನು ನಿಲ್ಲಲಿಲ್ಲ. ನನಗೆ ಜಾಗ ಸಿಕ್ಕಿದೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳಿವೆ. ಈಗಾಗಲೇ ಮಾರಿರುವ ಗಿರಿಸಖಿಗಳನ್ನು ವಾಪಸು ತೆಗೆದುಕೊಳ್ಳುವುದು ಕಷ್ಟವಾದರೆ, ಕೊಂಡವರೆಲ್ಲರ ಸೊಂಟವನ್ನು ಪಕ್ಕೆಲುಬಿನವರೆಗೆ ಏರಿಸಿಕೊಡುವ ಏರ್ಪಾಡನ್ನು ತಮ್ಮ ಖರ್ಚಿನಲ್ಲೇ ಮಾಡಿಸಬೇಕು. ಅದೂ ಆಗದಿದ್ದರೆ ಹಿಮಾಲಯದವರಿಗೆ ಒಂದು ಮಾತು ಬರೆದು, ಮಹಿಳೆಯರು ಬರುವ ದಿನಗಳಲ್ಲಿ ಬೆಟ್ಟವನ್ನು ಸ್ವಲ್ಪ ತಗ್ಗಿಸಿಡುವಂತೆ ಕೇಳಿಕೊಳ್ಳಬೇಕು. ನನ್ನ ಮೆರೂನ್ ರವಿಕೆಯನ್ನು ಬೇಗ ಹಿಂದಿರುಗಿಸಬೇಕು. ಅದಿಲ್ಲದೆ ನಮ್ಮ ಟೈಲರು ಕತ್ತರಿ ಮುಟ್ಟುತ್ತಿಲ್ಲ.

ಇನ್ನೊಂದು ಬಿನ್ನಹವಿದೆ. ಅದು ತಮಾಷೆಯದಲ್ಲ. ರವಿಕೆಯ ಸಂಗತಿಯನ್ನೆಲ್ಲ ನಾನು ಚಲುವಮ್ಮನವರಿಗೆ ಹೇಳಿದೆ. ಅವರು ನಕ್ಕರು, ಆದರೆ ಬೆಟ್ಟಕ್ಕೆ ಬರಲಿಲ್ಲ. “ಎಲ್ರ ಮುಂದೆ ಇನ್ನೊಂದ್ಸಲ ಕುಸ್ದು ಕೂತ್ಕಳಕ್ಕೆ ನನ್ ಕೈಲಾಗಕ್ಕಿಲ್ಲ ಮಂಗಳಮ್ಮ” ಎಂದುಬಿಟ್ಟರು. ತಂಡದಲ್ಲಿ ಒಂದು ಜಾಗ ಇನ್ನೂ ಖಾಲಿಯಿದೆ, ದೇವಯ್ಯನವರು ಭಾನುವಾರದವರೆಗೆ ಕಾಯುತ್ತಾರೆ. “ತಪ್ಪು ತಮ್ಮ ಬೆನ್ನಿನದಲ್ಲ, ನಮ್ಮ ಬ್ಯಾಗಿನದು” ಎಂದು ತಾವು ಚಲುವಮ್ಮನವರಿಗೆ ಒಂದು ಸಾಲು ಬರೆಯಬೇಕು.

ತಾವು ಬರೆಯುವುದಿಲ್ಲವೆಂದು ಗೊತ್ತು. ಅದಕ್ಕೇ ಇದನ್ನು ಪತ್ರಿಕೆಗೆ ಕಳಿಸಿದ್ದು. ನಮ್ಮ ಸ್ಟಾಫ್ ರೂಮಿನಲ್ಲಿ ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುವವರು ಒಬ್ಬರೇ. ಚಲುವಮ್ಮನವರೇ, ಕವನ ದಬ್ಬಳಕ್ಕೆ ದಾರ ಪೋಣಿಸಿಕೊಂಡು ಕೂತಿದ್ದಾಳೆ, ನಮ್ಮತ್ತೆ ನೂಲು ಎತ್ತಿಟ್ಟಿದ್ದಾರೆ. ರವಿಕೆ ಕಳಿಸಬೇಡಿ. ತಾವೇ ಬನ್ನಿ.

ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ಬರೆದಿರುವ
ತಮ್ಮ ವಿಶ್ವಾಸಿ,
ಮಂಗಳಗೌರಿ

ತಾ. ಕ.: ಮುಂದಿನ ವರ್ಷ ಮಹಿಳೆಯರಿಗೆಂದೇ ಮಲಗುವ ಚೀಲ ತಯಾರಿಸಲಿದ್ದೀರೆಂದು ಕೇಳಿ ಸಂತೋಷವಾಯಿತು. ದಯವಿಟ್ಟು ಅಳತೆಗೆ ದಿಂಬಿನ ಕವರು ಕೇಳಿ ಕಳಿಸಬೇಡಿ.