ನಡುಗಿದಷ್ಟೂ ಓಡುವ ವಾಚು

“ಭಾವ, ಇದನ್ನ ಕಟ್ಕಂಡು ನೀವು ಸುಮ್ನೆ ನಿಂತ್ಕಂಡ್ರೆ ಸಾಕು. ಎದುರಿಗಿರೋರು ತಾವಾಗೇ ಕೈ ಮುಗೀತಾರೆ!”

ಹೀಗೆಂದು ನನ್ನ ಹೆಂಡತಿಯ ತಮ್ಮ ತ್ರಿಲೋಚನ ಊಟದ ಟೇಬಲ್ಲಿನ ಮೇಲೆ ಒಂದು ಕೈಗಡಿಯಾರ ಇಟ್ಟ. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡೆ. ಅವನು ಟೇಬಲ್ಲಿನ ಮೇಲೆ ಏನಿಟ್ಟರೂ ನಾನು ಹಿಂದಕ್ಕೆ ಸರಿಯುವುದು ರೂಢಿ. ಹೋದ ವರ್ಷ ಅವನ ಮುದ್ದೆ ಕಟ್ಟುವ ಯಂತ್ರ ಹಾರಿಸಿದ ಮುದ್ದೆಯೊಂದು ಇನ್ನೂ ನಮ್ಮ ಅಡುಗೆಮನೆಯ ಸೂರಿಗೆ ಅಂಟಿಕೊಂಡಿದೆ. ಅದರ ಕೆಳಗೆ ನಿಂತು ಯಾರೂ ಒಗ್ಗರಣೆ ಹಾಕುವುದಿಲ್ಲ.

ತ್ರಿಲೋಚನನಿಗೆ ತುಮಕೂರಿನಲ್ಲಿ ಮೈಕ್ ಸೆಟ್ಟಿನ ವ್ಯಾಪಾರ. ಊರಿನ ಉದ್ಘಾಟನೆ, ಸನ್ಮಾನ, ಶ್ರದ್ಧಾಂಜಲಿ ಯಾವುದಿದ್ದರೂ ಅವನದೇ ಸ್ಪೀಕರ್ರು. ಅಲ್ಲಿ ಆಂಪ್ಲಿಫೈಯರಿನ ಪಕ್ಕ ಕುಳಿತು ಭಾಷಣ ಕೇಳುತ್ತಾನೆ, ಮನೆಗೆ ಬಂದು ವಿಜ್ಞಾನಿಯಾಗುತ್ತಾನೆ.

ವಾಚು ನೋಡಲು ಲಕ್ಷಣವಾಗಿತ್ತು. ತೆಳ್ಳಗಿನ ಬಿಳಿ ಮುಖ, ಕರಿ ಚರ್ಮದ ಪಟ್ಟಿ, ಅಂಕಿಗಳೇ ಇಲ್ಲ.

“ಟೈಮ್ ನೋಡಕ್ಕೆ ಮೊಬೈಲ್ ಐತಲ್ಲಪ್ಪ,” ಎಂದೆ.

“ಇದು ಡ್ರೆಸ್ ವಾಚು ಭಾವ! ಟೈಮ್ ನೋಡಕ್ಕಲ್ಲ. ಸಮಾರಂಭದಲ್ಲಿ ವಾಚ್ ನೋಡ್ಕಂಡ್ರೆ ಎದುರಿಗಿರೋರಿಗೆ ಅವಮರ್ಯಾದೆ.”

“ನೋಡಬಾರದ ವಾಚು ಕಟ್ಕಳದು ಯಾಕೆ?”

“ಬೇರೆಯವರು ನೋಡ್ಲಿ ಅಂತ ಕಣ್ರೀ!” ನನ್ನ ಹೆಂಡತಿ ಸರ್ವಮಂಗಳಾ ಅಡುಗೆಮನೆಯಿಂದಲೇ ಕೂಗಿದಳು. “ಮಗಳ ನಿಶ್ಚಿತಾರ್ಥಕ್ಕೆ ಬೋಳು ಕೈಯಲ್ಲಿ ನಿಂತ್ಕೋತೀರಾ? ಬೀಗರ ಕಣ್ಣು ಮೊದಲು ಹೋಗೋದೇ ಮಣಿಕಟ್ಟಿಗೆ!”

ಬೀಗರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿಕೊಂಡೆ.

ಮುಚ್ಚುಮರೆ ಏಕೆ, ನಾನು ಪುಕ್ಕಲ. ನಾಲ್ಕು ಜನ ಸಾಲಾಗಿ ಕುರ್ಚಿಯಲ್ಲಿ ಕುಳಿತರೆ ಸಾಕು, ನನ್ನ ಕೈ ನಡುಗುತ್ತದೆ. ಅಂಥವನ ಮಗಳು ಶಿವರಂಜಿನಿ ಹೋಗಿ ಹೋಗಿ ಮೆಚ್ಚಿಕೊಂಡಿದ್ದು ಮರುಳಸಿದ್ದಪ್ಪನವರ ಮಗ ಮನುಕುಮಾರನನ್ನು! ಹುಡುಗ ಚಿನ್ನದಂಥವನು. ಅಪ್ಪ ಮಾತ್ರ ನಿವೃತ್ತ ತಹಸೀಲ್ದಾರರು, ಹುರಿಮೀಸೆ, ಮಹಾ ಮುಂಗೋಪಿ. ಯಾವುದೋ ಮದುವೆಯಲ್ಲಿ ತಮ್ಮನ್ನು ಸರಿಯಾಗಿ ಮಾತಾಡಿಸಲಿಲ್ಲ ಎಂದು ಎಲೆಯ ಮುಂದಿನಿಂದ ಎದ್ದು ಹೋದವರು. ಈ ಸಂಬಂಧಕ್ಕೆ ಅವರನ್ನು ಒಪ್ಪಿಸುವಷ್ಟರಲ್ಲಿ ಮಕ್ಕಳಿಬ್ಬರೂ ಸೋತು ಸುಣ್ಣವಾಗಿದ್ದರು. ಈಗ ತುಂಬಿದ ಸಭೆಯಲ್ಲಿ, ರಾಹುಕಾಲ ಬರುವುದರೊಳಗೆ, ನಾನು ಅವರ ಜೊತೆ ತಾಂಬೂಲದ ತಟ್ಟೆ ಬದಲಾಯಿಸಿಕೊಳ್ಳಬೇಕು. ನನ್ನ ಕೈ ನಡುಗಿ ತಟ್ಟೆ ಅವರ ಕಾಲ ಮೇಲೆ ಬಿದ್ದರೆ? ಮಗಳ ಗತಿ?

ತ್ರಿಲೋಚನ ನನ್ನ ಕೈಗೆ ವಾಚು ಕಟ್ಟುತ್ತಾ ವಿವರಿಸಿದ. “ಇಷ್ಟು ವರ್ಷ ಕೇಳಿದ ಸಭೆಗಳ ಗಾಂಭೀರ್ಯನೆಲ್ಲ ಹಿಂಡಿ ಇದರೊಳಗೆ ತುಂಬಿದೀನಿ. ಅಲೆ ಅಲೆಯಾಗಿ ಆಚೆ ಬರುತ್ತೆ. ಸುತ್ತ ಇರೋರೆಲ್ಲ ಗಂಭೀರ! ನಿಮಗೆ ಮಾತ್ರ ತಟ್ಟಲ್ಲ. ಸ್ಪೀಕರ್ ಹಿಂದೆ ನಿಂತೋನಿಗೆ ಸೌಂಡ್ ಕಮ್ಮಿ ನೋಡಿ, ಹಂಗೆ.”

“ಸೆಲ್ಲು?”

“ಸೆಲ್ಲೂ ಇಲ್ಲ, ಕೀ ಕೊಡೋ ತಾಪತ್ರಯಾನೂ ಇಲ್ಲ. ಕೈ ಅಲ್ಲಾಡಿದ್ರೆ ತಾನೇ ಕೀ ಆಗುತ್ತೆ. ಕೀ ಪೂರ್ತಿ ಇಳಿಯೋ ತನಕ ಕೊಂಡಿ ಬಿಚ್ಚಲ್ಲ. ಛತ್ರದಲ್ಲಿ ಕಳ್ಳರ ಕಾಟ ಅಲ್ವಾ?”

ಅಷ್ಟರಲ್ಲಿ ಸರ್ವಮಂಗಳಾ ಸೌಟು ಹಿಡಿದು ಹೊರಗೆ ಬಂದಳು. “ರೀ, ನಿಮಗೆ ಎಷ್ಟು ಸಲ ಬಡ್ಕೋಬೇಕು? ಒದ್ದೆ ಟವೆಲ್ ಮತ್ತೆ ಹಾಸಿಗೆ ಮೇಲೆ…”

ನನ್ನ ಕೈ ಸಣ್ಣಗೆ ನಡುಗಿತು. ವಾಚು ಟಿಕ್ ಟಿಕ್ ಎಂದಿತು. ಸರ್ವಮಂಗಳಾ ನೆಟ್ಟಗೆ ನಿಂತು ಸೌಟನ್ನು ಎದೆಗೊತ್ತಿ ಹಿಡಿದಳು.

“ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ದಯಪಾಲಿಸಿ ನಮ್ಮನ್ನೆಲ್ಲ ಕೃತಾರ್ಥರನ್ನಾಗಿಸಿರುವ ಮಾನ್ಯ ಷಡಕ್ಷರಿಯವರೇ, ತಮಗೆ ಹಾರ್ದಿಕ ಸ್ವಾಗತ!”

ತ್ರಿಲೋಚನ ಗಂಭೀರವಾಗಿ ಚಪ್ಪಾಳೆ ತಟ್ಟಿದ. ನಾನು ಎದ್ದು ಕುರ್ಚಿಯ ಹಿಂದೆ ನಿಂತೆ. ಮದುವೆಯಾದಾಗಿನಿಂದ ಅವಳು ನನ್ನನ್ನು ಮಾನ್ಯರೇ ಎಂದವಳಲ್ಲ. ಅವಳು ಬೈದರೆ ಅಷ್ಟೊಂದು ಭಯವಾಗುವುದಿಲ್ಲ ಎಂದು ನನಗೆ ಅವತ್ತು ಗೊತ್ತಾಯಿತು.

ಸ್ವಲ್ಪ ಹೊತ್ತಿನಲ್ಲಿ ಕೀ ಇಳಿದು ಕೊಂಡಿ ಕಳಚಿತು. ಅವಳು ಟವೆಲಿನ ವಿಷಯವನ್ನು ಬಿಟ್ಟಲ್ಲಿಂದಲೇ ಮುಂದುವರಿಸಿದಳು. ಆದರೆ ನನ್ನ ತಲೆಯಲ್ಲಿ ಒಂದು ಆಸೆ ಹೊಕ್ಕುಬಿಟ್ಟಿತ್ತು. ಮರುಳಸಿದ್ದಪ್ಪನವರೂ ನನಗೆ ಹೀಗೆ ಕೈ ಮುಗಿದರೆ ಯಾವ ತೊಂದರೆಯೂ ಇರುವುದಿಲ್ಲವಲ್ಲ!

ನಿಶ್ಚಿತಾರ್ಥದ ದಿನ ವಾಚು ಕಟ್ಟಿಕೊಂಡು ಸಮುದಾಯ ಭವನದ ಬಾಗಿಲಲ್ಲಿ ನಿಂತೆ. ಬೀಗರ ವ್ಯಾನು ಬಂತು. ಮೊದಲು ಮೀಸೆ ಇಳಿಯಿತು, ಆಮೇಲೆ ಮರುಳಸಿದ್ದಪ್ಪನವರು ಇಳಿದರು. ನನ್ನ ಕೈ ತರತರ ನಡುಗಿತು. ವಾಚು ಟಿಕ್ಕಟಿಕ್ಕಟಿಕ್ಕ ಎಂದು ಓಡತೊಡಗಿತು.

ಹೊಸಿಲ ಹತ್ತಿರ ಅವರು ಗಕ್ಕನೆ ನಿಂತು ಕೈ ಮುಗಿದರು. “ತಾವು ಮೊದಲು ದಯಮಾಡಿಸಬೇಕು.”

“ಅತಿಥಿಗಳಾದ ತಾವೇ ಮೊದಲು ಚಿತ್ತೈಸಬೇಕು,” ಎಂದಳು ಸರ್ವಮಂಗಳಾ.

“ಹಿರಿಯರಾದ ತಾವು…”

“ಘನತೆವೆತ್ತ ತಾವು…”

ಒಬ್ಬರೂ ಒಳಗೆ ಬರಲಿಲ್ಲ! ಹಿಂದಿನ ಸಾಲಿನಲ್ಲಿ ಬೀಗಿತ್ತಿ ತಮ್ಮ ನಾದಿನಿಗೆ ದಾರಿ ಬಿಡುತ್ತಿದ್ದರು, ನಾದಿನಿ ವ್ಯಾನಿನ ಡ್ರೈವರಿಗೆ ಬಿಡುತ್ತಿದ್ದರು. ಬಿಸಿಲು ಏರುತ್ತಿತ್ತು. ನಾನು ಬೆವರು ಒರೆಸಿಕೊಂಡು, “ಎಲ್ರೂ ಒಟ್ಟಿಗೇ ಬನ್ರಪ್ಪ!” ಎಂದು ಕೂಗಿದ ಮೇಲೆ ಅದನ್ನೊಂದು ಸಲಹೆಯಾಗಿ ಸ್ವೀಕರಿಸಿ, ಇಬ್ಬಿಬ್ಬರಾಗಿ ಹೆಜ್ಜೆ ಹಾಕುತ್ತಾ ಒಳಗೆ ಬಂದರು.

ಇದು ಸರಿಯಿಲ್ಲ ಎನ್ನಿಸಿ ತ್ರಿಲೋಚನನನ್ನು ಹುಡುಕಿದೆ. ಅವನು ವೇದಿಕೆಯ ಮೇಲಿದ್ದ. ಕೈಯಲ್ಲಿ ಮೈಕಿತ್ತು.

“ತ್ರಿಲೋಚನ! ಇದನ್ನ ಬಿಚ್ಚೋ ಮಾರಾಯ!”

“ಕಾರ್ಯಕ್ರಮದ ಮಧ್ಯೆ ಓಡಾಡಬಾರದೆಂದು ಸಭಿಕರಲ್ಲಿ ಸವಿನಯ ಪ್ರಾರ್ಥನೆ,” ಎಂದ ಅವನು, ನನ್ನನ್ನು ಎಂದೂ ಕಾಣದವನ ಹಾಗೆ.

ಯಂತ್ರದ ಗುಟ್ಟು ಗೊತ್ತಿದ್ದವನು ಅವನೊಬ್ಬನೇ. ಅವನೇ ನಿರೂಪಕನಾಗಿಬಿಟ್ಟಿದ್ದ!

ಆಮೇಲೆ ಶುರುವಾಯಿತು ನೋಡಿ ಭಾಷಣ. ಶಾಸ್ತ್ರ ಮಾಡಿಸಬೇಕಾಗಿದ್ದ ಅಯ್ಯನೋರು ಪ್ರಾಸ್ತಾವಿಕ ನುಡಿ ಆಡಿದರು. ಬೀಗರ ತಂಗಿ ಬೀಗರನ್ನು ಪರಿಚಯಿಸಿದರು, ಬೀಗರು ತಂಗಿಯನ್ನು ಪರಿಚಯಿಸಿದರು. ಅಡುಗೆಯವನು ಜಾಲರಿ ಸೌಟು ಹಿಡಿದೇ ವೇದಿಕೆಗೆ ಬಂದು, ಕೇಸರಿಬಾತಿನ ಏಳಿಗೆಯಲ್ಲಿ ದ್ರಾಕ್ಷಿ ಗೋಡಂಬಿಗಳ ಪಾತ್ರವನ್ನು ಕುರಿತು ಸುದೀರ್ಘವಾಗಿ ಮಾತಾಡಿದ. ಎಲ್ಲರೂ ಒಂದೇ ತಾಳದಲ್ಲಿ ಚಪ್ಪಾಳೆ ತಟ್ಟಿದರು. ಯಾರೂ ನಗಲಿಲ್ಲ, ಯಾರೂ ಕೆಮ್ಮಲಿಲ್ಲ. ಒಂದು ಕೈಗೂಸು ಕೂಡ ಅಳು ನಿಲ್ಲಿಸಿ, ಮೌನಾಚರಣೆಗೆ ಕುಳಿತ ಹಾಗೆ ಕುಳಿತಿತ್ತು. ಅಷ್ಟು ಜನರ ನಡುವೆ ಸಾಮಾನ್ಯ ಮನುಷ್ಯ ಅಂತ ಉಳಿದಿದ್ದವನು ನಾನೊಬ್ಬನೇ. ಅಂಥ ಭಯ ಸ್ಮಶಾನದಲ್ಲೂ ಆಗಲಿಕ್ಕಿಲ್ಲ!

ಕೈತೊಳೆಯುವ ಜಾಗಕ್ಕೆ ಓಡಿ ಪಟ್ಟಿಗೆ ಸೋಪು ಹಚ್ಚಿ ಎಳೆದೆ. ಬರಲಿಲ್ಲ. ಕೊಬ್ಬರಿ ಎಣ್ಣೆ ಸವರಿ ಎಳೆದೆ, ಕೈಯ ಚರ್ಮ ಬಂತು, ವಾಚು ಬರಲಿಲ್ಲ. ಸಿಟ್ಟು ಬಂದು ಕಂಬಕ್ಕೆ ಚಚ್ಚಿದೆ. ಚಚ್ಚಿದಷ್ಟೂ ಕೀ ಏರಿತು! ಕಿಟಕಿಯಾಚೆ ಹೂವು ಮಾರುವವಳು ಗಿರಾಕಿಗೆ, “ತಮ್ಮ ಅಮೂಲ್ಯ ಚೌಕಾಸಿಗೆ ನಾನು ಚಿರಋಣಿ,” ಎನ್ನುವುದು ಕೇಳಿಸಿತು.

ನಾನು ಹೆದರಿದಷ್ಟೂ ಕೈ ನಡುಗುತ್ತಿತ್ತು. ಕೈ ನಡುಗಿದಷ್ಟೂ ವಾಚು ಓಡುತ್ತಿತ್ತು. ವಾಚು ಓಡಿದಷ್ಟೂ ಜನ ಗಂಭೀರರಾಗುತ್ತಿದ್ದರು. ಅವರನ್ನು ಕಂಡು ನಾನು ಇನ್ನಷ್ಟು ಹೆದರುತ್ತಿದ್ದೆ. ಇದು ನಿಲ್ಲುವುದಾದರೂ ಹೇಗೆ? ರಾಹುಕಾಲ ಬೇರೆ ಹತ್ತಿರ ಬರುತ್ತಿತ್ತು.

ಕೊನೆಗೆ ಮಗಳ ಹತ್ತಿರ ಹೋದೆ. ರೇಷ್ಮೆ ಸೀರೆಯಲ್ಲಿ ಗೊಂಬೆಯ ಹಾಗೆ ಕುಳಿತಿದ್ದಳು. “ಪುಟ್ಟಿ, ಹೆಂಗಾದ್ರೂ ಮಾಡಿ ನಿಮ್ಮ ಮಾವನೋರನ್ನ ತಾಂಬೂಲಕ್ಕೆ ಎಬ್ಬಿಸೇ!” ಎಂದು ಪಿಸುಗುಟ್ಟಿದೆ.

“ಪೂಜ್ಯ ತಂದೆಯವರೇ, ದಯವಿಟ್ಟು ಸಭೆಯ ಶಿಸ್ತನ್ನು ಕಾಪಾಡಬೇಕು,” ಎಂದಳು.

ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಮಗಳು ನನ್ನನ್ನು ಮುಖ್ಯ ಅತಿಥಿಯನ್ನು ನೋಡುವ ಹಾಗೆ ನೋಡಿದಳು. ನನಗೆ ಅಳು ಬಂತು.

ಅಷ್ಟರಲ್ಲಿ ಮದುಮಗ ಮನುಕುಮಾರ ಮೈಕಿನ ಮುಂದೆ ನಿಂತಿದ್ದ. “ಇಂಥ ಗಂಭೀರ ವಿಷಯವನ್ನು ಒಂದೇ ದಿನದಲ್ಲಿ ತೀರ್ಮಾನಿಸುವುದು ಈ ಸಭೆಯ ಘನತೆಗೆ ತಕ್ಕುದಲ್ಲ. ಆದ್ದರಿಂದ ನಿಶ್ಚಿತಾರ್ಥವನ್ನು ಮುಂದಿನ ವಾರ್ಷಿಕ ಸಭೆಗೆ ಮುಂದೂಡಬೇಕೆಂದು ಸೂಚಿಸುತ್ತೇನೆ.”

“ಅನುಮೋದಿಸುತ್ತೇನೆ,” ಎಂದಳು ನನ್ನ ಮಗಳು. ಅವನ ಅಪ್ಪ ಒಪ್ಪುವ ತನಕ ಊಟ ಬಿಟ್ಟು ಕುಳಿತಿದ್ದವಳು!

“ಆಕ್ಷೇಪಣೆ ಇರುವವರು ವೇದಿಕೆಗೆ ಬಂದು ಮಾತಾಡಬಹುದು,” ತ್ರಿಲೋಚನ ಘೋಷಿಸಿದ. “ಇಲ್ಲವಾದಲ್ಲಿ ಈ ನಿರ್ಣಯ ಅಂಗೀಕಾರವಾಗುತ್ತದೆ.”

ವೇದಿಕೆ! ನನ್ನ ಮದುವೆಯ ಆರತಕ್ಷತೆಯಲ್ಲೂ ನಾನು ಹೆಂಡತಿಯ ಹಿಂದೆ ನಿಂತು ಫೋಟೋ ತೆಗೆಸಿಕೊಂಡವನು. ಆದರೆ ಸಭೆ ಚಪ್ಪಾಳೆಗೆ ಕೈ ಎತ್ತಿಯಾಗಿತ್ತು. ಹೇಗೆ ಹತ್ತಿದೆನೋ ಗೊತ್ತಿಲ್ಲ, ಹತ್ತಿದೆ. ಮೈಕಿನ ಕಂಬ ಹಿಡಿದುಕೊಂಡರೆ ಕಂಬವೂ ನಡುಗಿತು. ಮಣಿಕಟ್ಟಿನಲ್ಲಿ ವಾಚು ಮಿಕ್ಸಿಯ ಹಾಗೆ ಕಿರುಚುತ್ತಿತ್ತು. ಅಷ್ಟೂ ಮುಖಗಳು ನನ್ನನ್ನೇ ನೋಡುತ್ತಿದ್ದವು. ಹೇಳಬೇಕೆಂದುಕೊಂಡಿದ್ದ ಒಂದು ಮಾತೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಒಂದೇ.

“ನಂಗೆ ಹೆದರಿಕೆ ಆಗ್ತೈತೆ.”

ಸಭೆ ಚಪ್ಪಾಳೆಗೆ ಎತ್ತಿದ್ದ ಕೈಗಳನ್ನು ಹಾಗೇ ಹಿಡಿದುಕೊಂಡಿತ್ತು.

“ಬೀಗ್ರೇ, ನಿಮ್ಮನ್ನ ಕಂಡ್ರೆ ಹೆದರಿಕೆ. ನಿಮ್ಮ ಮೀಸೆ ಕಂಡ್ರೂ ಹೆದರಿಕೆ. ತಟ್ಟೆ ಕೈಜಾರಿ ಬಿದ್ದು ನೀವು ಎದ್ದು ಹೊಂಟೋದ್ರೆ ಅಂತ ಹೆದರಿಕೆ. ಅದಕ್ಕೇ ಈ ಹಾಳಾದ ವಾಚು ಕಟ್ಕಂಡೆ. ಆದ್ರೆ ಅದೆಲ್ಲ ಸಣ್ಣ ಹೆದರಿಕೆ. ದೊಡ್ಡದು ಬೇರೆ ಐತೆ.”

ಮಗಳ ಕಡೆ ತಿರುಗಿ ಬೆರಳು ತೋರಿಸಿದೆ.

“ನಮ್ಮ ಪುಟ್ಟಿಗೆ ಗುಡುಗು ಅಂದ್ರೆ ಭಯ. ನಂಗೂ ಭಯಾನೇ. ಮನೇಲಿ ಗುಡುಗಿದ್ರೆ ಅಪ್ಪ ಮಗಳು ಒಂದೇ ಕಂಬಳಿ ಹೊದ್ಕಂಡು ಕೂತ್ಕತೀವಿ. ಇಷ್ಟು ದೊಡ್ಡೋಳಾದ್ರೂ ಕೂತ್ಕತೀವಿ. ನಿಮ್ಮನೇಲಿ ಗುಡುಗಿದಾಗ ಅವಳ ಪಕ್ಕ ಯಾರು ಕೂತ್ಕತಾರೆ? ಇಷ್ಟೇ ನನ್ನ ಹೆದರಿಕೆ. ಇನ್ನೇನೂ ಇಲ್ಲ.”

ಹೇಳಿಬಿಟ್ಟೆ. ಹೇಳಿದ ಮೇಲೆ ಒಳಗೆ ಹೆದರಲು ಏನೂ ಉಳಿದಿರಲಿಲ್ಲ. ನೋಡುತ್ತೇನೆ, ಕೈ ಸುಮ್ಮನಾಗಿತ್ತು. ಮೈಕಿನ ಕಂಬವೂ ಸುಮ್ಮನಾಗಿತ್ತು. ವಾಚಿನ ಕಿರುಚಾಟ ಇಳಿಯಿತು, ಟಿಕ್ ಟಿಕ್ ಎಂದಿತು, ನಿಂತಿತು. ಕೊಂಡಿ ಕಳಚಿ ವಾಚು ವೇದಿಕೆಯ ಮೇಲೆ ಬಿತ್ತು.

ಕೈಗೂಸು ಕಿಟಾರನೆ ಅತ್ತಿತು. ಯಾರೋ ಕೆಮ್ಮಿದರು. ಅಡುಗೆಯವನು, “ಅಯ್ಯೋ ಕೇಸರಿಬಾತು ತಳ ಹಿಡೀತು!” ಎಂದು ಓಡಿದ. ಶಿವರಂಜಿನಿ, “ಅಪ್ಪಾಜಿ!” ಎಂದು ಎದ್ದು ನಿಂತಳು.

ಮರುಳಸಿದ್ದಪ್ಪನವರು ಮಾತ್ರ ಅಲ್ಲಾಡದೆ ಕುಳಿತಿದ್ದರು. ನಿಧಾನವಾಗಿ ಎದ್ದು ನನ್ನ ಹತ್ತಿರ ಬಂದರು. ಮುಗಿಯಿತು ಎಂದುಕೊಂಡೆ. ಅವರು ಮೈಕನ್ನು ಕೈಯಿಂದ ಮುಚ್ಚಿ, ನನ್ನ ಕಿವಿಯ ಹತ್ತಿರ ಬಾಗಿದರು.

“ನಮ್ಮನೇಲಿ ಗುಡುಗಿದ್ರೆ ಮೊದಲು ಮಂಚದ ಕೆಳಗೆ ಹೋಗೋನು ನಾನೇ ಬೀಗ್ರೇ. ಯಾರಿಗೂ ಹೇಳ್ಬೇಡಿ. ಹುಡುಗಿಗೂ ಜಾಗ ಆಗುತ್ತೆ.”

ಮೈಕನ್ನು ಅವರು ಸರಿಯಾಗಿ ಮುಚ್ಚಿರಲಿಲ್ಲ. ಭವನದ ಎಂಟು ಸ್ಪೀಕರುಗಳಲ್ಲೂ ಅದು ಕೇಳಿಸಿತು. ಇಡೀ ಸಭೆ ಹೋ ಎಂದು ನಕ್ಕಿತು. ಅವರು ಮೀಸೆ ಸವರಿಕೊಂಡು ಸಿಟ್ಟಾಗುವುದೋ ಬೇಡವೋ ಎಂದು ಯೋಚಿಸಿ, ಕೊನೆಗೆ ತಾವೂ ನಕ್ಕರು. ರಾಹುಕಾಲ ಹೊಸಿಲಲ್ಲಿ ನಿಂತಿದ್ದಾಗಲೇ ತಾಂಬೂಲ ಬದಲಾಯಿತು. ತಟ್ಟೆಗಳು ನಡುಗಿದವು ನಿಜ. ನನ್ನದಕ್ಕಿಂತ ಅವರದೇ ಹೆಚ್ಚು ನಡುಗಿತು.

ಊಟಕ್ಕೆ ಕೂರುವ ಮುಂಚೆ ಸರ್ವಮಂಗಳಾ ತಮ್ಮನ ಕಿವಿ ಹಿಂಡಿದಳು. ಆಮೇಲೆ ವಾಚನ್ನು ಸೆರಗಿನಲ್ಲಿ ಹಿಡಿದು ಕಿಟಕಿಯಿಂದ ಆಚೆ ಎಸೆದಳು. ಅದು ನೆಲಕ್ಕೆ ಬೀಳಲಿಲ್ಲ. ಅದೇ ಹೊತ್ತಿಗೆ ಹೋಗುತ್ತಿದ್ದ ಗುಬ್ಬಿ ಕಡೆಯ ಖಾಸಗಿ ಬಸ್ಸಿನ ತಲೆಯ ಮೇಲೆ, ಮೂಟೆಗಳ ಸಂದಿಯಲ್ಲಿ ಬಿತ್ತು.

“ಅಕ್ಕ! ಆ ಬಸ್ಸು ಅಲ್ಲಾಡೋ ಅಲ್ಲಾಟಕ್ಕೆ…” ತ್ರಿಲೋಚನ ತಲೆಯ ಮೇಲೆ ಕೈ ಹೊತ್ತುಕೊಂಡ.

ಆ ದಿನ ಗುಬ್ಬಿಗೆ ಹೋಗುವ ಬಿ.ಎಚ್. ರೋಡಿನಲ್ಲಿ ಒಂದು ಗಾಡಿಯೂ ಇನ್ನೊಂದನ್ನು ಹಿಂದೆ ಹಾಕಲಿಲ್ಲ. ಸರ್ಕಲ್ಲಿನಲ್ಲಿ ಲಾರಿ ಆಟೋಗೆ, ಆಟೋ ಸೈಕಲ್ಲಿಗೆ, ಸೈಕಲ್ಲು ಎಮ್ಮೆಗೆ ದಾರಿ ಬಿಟ್ಟು ಸಾಲಾಗಿ ನಿಂತವು. ಎಮ್ಮೆಯೂ ಕದಲಲಿಲ್ಲ. ಬಸ್ಸಿನೊಳಗೆ ಸೀಟುಗಳೆಲ್ಲ ಖಾಲಿ ಇದ್ದು, ಒಬ್ಬರಿಗೊಬ್ಬರು ಸೀಟು ಬಿಟ್ಟುಕೊಡುತ್ತಾ ಪ್ರಯಾಣಿಕರೆಲ್ಲ ನಿಂತೇ ಇದ್ದರಂತೆ.

ವಾಚು ಇನ್ನೂ ಸಿಕ್ಕಿಲ್ಲ. ಆ ರಸ್ತೆ ರಿಪೇರಿಯಾಗುವ ತನಕ ಅದರ ಕೀ ಇಳಿಯುವುದಿಲ್ಲ ಎನ್ನುತ್ತಾನೆ ತ್ರಿಲೋಚನ. ನಾನು ಯಾವ ಸಮಾರಂಭಕ್ಕಾದರೂ ಬೋಳು ಕೈಯಲ್ಲೇ ಹೋಗುತ್ತೇನೆ. ಗುಬ್ಬಿಗೆ ಹೋಗುವವರು ಮಾತ್ರ ಈಗಲೂ ಆ ಬಸ್ಸಿಗೇ ಕಾಯುತ್ತಾರೆ. ಊರು ತಲುಪುವುದು ತಡವಾಗುತ್ತದಂತೆ, ಆದರೆ ಕಂಡಕ್ಟರು ಚಿಲ್ಲರೆಯನ್ನು ಎರಡೂ ಕೈಯಿಂದ ಕೊಡುತ್ತಾನಂತೆ.