ಏಣಿಗೆ ಕಟ್ಟಿದ ಬಾಷಾ ಸಾಬರು

ತೆಳ್ಳಗಿರುವವನಿಗೆ ಲೋಕ ಭಾರದ ಕೆಲಸ ಕೊಡುವುದಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಕೊಡುತ್ತದೆ, ಆದರೆ ಹೊರುವ ಕೆಲಸವಲ್ಲ, ಹೊರಿಸಿಕೊಳ್ಳುವ ಕೆಲಸ. ಯುದ್ಧದ ಕಾಲದಲ್ಲಿ ನಾನು ಕೊತ್ತತ್ತಿಯಲ್ಲಿ ಮೇಷ್ಟ್ರಾಗಿದ್ದೆ. ಕೊತ್ತತ್ತಿಯ ಮೇಲೆ ಬಾಂಬು ಹಾಕುವಷ್ಟು ಪುರುಸೊತ್ತು ಯಾವ ಶತ್ರುವಿಗೂ ಇರಲಿಲ್ಲ. ಆದರೂ ಗಾಯಾಳುಗಳನ್ನು ನೋಡಿಕೊಳ್ಳುವುದನ್ನು ಕಲಿತು ಬಾ ಎಂದು ನನ್ನನ್ನು ಹತ್ತು ದಿನ ಮಂಡ್ಯಕ್ಕೆ ಕಳಿಸಿದರು. ಕಲಿಸುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಒಬ್ಬ ಕಾಂಪೌಂಡರು. ಮೊದಲ ದಿನವೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವು ಮಲಗಿ" ಎಂದರು. ಹತ್ತು ದಿನವೂ ನಾನೇ ಗಾಯಾಳು. ಮಿಕ್ಕವರೆಲ್ಲ ನನ್ನನ್ನು ಸ್ಟ್ರೆಚರಿಗೆ ಕಟ್ಟಿ, ಎತ್ತಿ, ಮೆಟ್ಟಿಲು ಹತ್ತಿಸಿ ಇಳಿಸಿ ಪಾಸಾದರು. ಒಮ್ಮೆ ಎದೆಯ ಪಟ್ಟಿ ಬಿಗಿದು ಉಸಿರಾಡಲಾಗದೆ ನಾನು ನರಳಿದಾಗ ಕಾಂಪೌಂಡರು, "ನೋಡಿ, ಗಾಯಾಳು ಅಂದರೆ ಹೀಗಿರಬೇಕು" ಎಂದು ಮೆಚ್ಚಿಕೊಂಡರು. ಕೊನೆಗೆ ನನಗೂ ಒಂದು ಸರ್ಟಿಫಿಕೇಟು ಸಿಕ್ಕಿತು. ಒಂದು ಗಂಟನ್ನೂ ಕೈಯಾರೆ ಹಾಕದಿದ್ದ ನಾನು ಅದನ್ನು ನಾಚಿಕೆಯಿಲ್ಲದೆ ಗೋಡೆಗೆ ತೂಗುಹಾಕಿದೆ.

ಅದಾಗಿ ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ, ನಿಂಗೇಗೌಡರು ಏದುಸಿರು ಬಿಡುತ್ತ ಶಾಲೆಗೆ ಬಂದರು. ಅವರದು ಪಕ್ಕದಲ್ಲೇ ಬೆಲ್ಲದ ಆಲೆಮನೆ. "ಬ್ಯಾಗ ಬನ್ನಿ ಮೇಷ್ಟ್ರೇ. ಬಾಷಾ ಸಾಬ್ರು ಆಲೆಮನೆ ಮ್ಯಾಲಿಂದ ಬಿದ್ದವ್ರೆ. ನೀವು ಇಂತದ್ನೆಲ್ಲ ಓದ್ಕಂಡು ಬಂದವ್ರಲ್ವಾ" ಎಂದರು. ಬಾಷಾ ಸಾಬರು ಮಂಡ್ಯದಿಂದ ಬಂದು ಸುತ್ತಿನ ಹಳ್ಳಿಗಳಲ್ಲಿ ಸೂರಿಗೆ ತಗಡು ಹೊದಿಸುವ ಕೆಲಸ ಮಾಡುತ್ತಿದ್ದ ಐವತ್ತರ ಸಮೀಪದ ಮನುಷ್ಯ. ನಾನು ಹೋಗುವ ಹೊತ್ತಿಗೆ ಹಾಲು ಹಿಂಡಿ ಒಣಹಾಕಿದ ಕಬ್ಬಿನ ರಚ್ಚಿನ ರಾಶಿಯ ಪಕ್ಕದಲ್ಲಿ ಅಂಗಾತ ಬಿದ್ದಿದ್ದರು. ಬಲಗಾಲು ಮೊಣಕಾಲಿನ ಕೆಳಗೆ ಇರಬಾರದ ದಿಕ್ಕಿಗೆ ತಿರುಗಿತ್ತು. ಸೊಂಟವೂ ನೋಯುತ್ತಿದೆ ಎಂದರು. ನಾಲ್ಕು ಆಳುಗಳು ಆಗಲೇ ಕೈಕಾಲಿಗೆ ಕೈ ಹಾಕಿದ್ದರು. "ಇಡ್ಕಂಡು ಎತ್ತಿ ಗಾಡಿಗೆ ಆಕ್ಬುಡ್ರಲಾ" ಎನ್ನುತ್ತಿದ್ದ ಒಬ್ಬ. ಮುಟ್ಟಬೇಡಿ ಎಂದು ನಾನು ಹೇಳಿದ ದನಿ ನನಗೇ ಹೊಸದಾಗಿತ್ತು.

ಸಾಬರು ನನ್ನ ಪಂಚೆಯ ಅಂಚು ಹಿಡಿದುಕೊಂಡು ಮೆಲ್ಲಗೆ ಕೇಳಿದರು: "ಕಾಲು ಹೋಯ್ತಾ ಮೇಷ್ಟ್ರೇ? ಸೂರು ಹತ್ತದೆ ಬದುಕೋದು ನನಗೆ ಗೊತ್ತಿಲ್ಲ." ಏನೂ ಆಗುವುದಿಲ್ಲ ಎಂದುಬಿಟ್ಟೆ.

ಎರಡು ಗಟ್ಟಿ ಕಬ್ಬಿನ ಜಲ್ಲೆ ತರಿಸಿ, ಗೋಣಿಚೀಲ ಸುತ್ತಿ, ಕಾಲಿನ ಎರಡು ಪಕ್ಕಕ್ಕೂ ಇಟ್ಟು ಕಟ್ಟಿದೆ. ಆಲೆಮನೆಯ ಏಣಿಯನ್ನೇ ಸ್ಟ್ರೆಚರು ಮಾಡಿ, ಮೇಲೆ ಹುಲ್ಲು ಹಾಸಿ ಕಂಬಳಿ ಹೊದಿಸಿದೆವು. ಪಟ್ಟಿಗಳಿಗೆ ಗೌಡರೂ ಆಳುಗಳೂ ತಮ್ಮ ರುಮಾಲು, ಟವಲುಗಳನ್ನು ಬಿಚ್ಚಿ ಕೊಟ್ಟರು. ಆದರೆ ಯಾವ ಪಟ್ಟಿ ಮೊದಲು, ಯಾವುದು ಆಮೇಲೆ? ತಲೆ ಖಾಲಿ. ನನ್ನ ವಿದ್ಯೆಯೆಲ್ಲ ಮಲಗಿ ಕಲಿತದ್ದು, ನಿಂತಾಗ ನೆನಪಾಗಲೊಲ್ಲದು. ಬೇರೆ ದಾರಿ ಕಾಣದೆ ಆ ಏಣಿಯ ಮೇಲೆ ನಾನೇ ಮಲಗಿ ಕಣ್ಣು ಮುಚ್ಚಿದೆ. "ಲೇ, ಮೇಷ್ಟ್ರೂ ಬಿದ್ದೋದ್ರು ಕಣ್ಲಾ" ಎಂದ ಯಾರೋ ಒಬ್ಬ, ಕೈಗೆ ಸಿಕ್ಕ ಚೆಂಬಿನಲ್ಲಿದ್ದುದನ್ನು ನನ್ನ ಮುಖಕ್ಕೆ ಎರಚಿದ. ಅದು ನೀರಲ್ಲ, ಕಬ್ಬಿನ ಹಾಲು. ಅಷ್ಟರಲ್ಲಿ ನನಗೆ ಎಲ್ಲವೂ ನೆನಪಿಗೆ ಬಂದಿತ್ತು. ಮೊದಲು ಎದೆ, ಆದರೆ ಉಸಿರಿಗೆ ಜಾಗ ಬಿಡಬೇಕು. ಆಮೇಲೆ ಸೊಂಟ, ತೊಡೆ. ಪಾದದ ಕೆಳಗೊಂದು ಅಡ್ಡಪಟ್ಟಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಮನುಷ್ಯ ಜಾರುತ್ತಾನೆ. ಕೈಗಳು ಗಾಡಿಗೆ ತಗುಲದಂತೆ ಹೊಟ್ಟೆಯ ಮೇಲಿಟ್ಟು ಕಟ್ಟಬೇಕು. ಇವೆಲ್ಲ ಎಲ್ಲೆಲ್ಲಿ ನೋಯಿಸುತ್ತವೆ ಎಂಬುದು ನನ್ನಷ್ಟು ಯಾರಿಗೆ ಗೊತ್ತು? ಆರು ಜನ ಒಟ್ಟಿಗೆ, ನಾನು ಮೂರು ಎಣಿಸಿದ ಮೇಲೆ, ಸಾಬರನ್ನು ಹಲಗೆಯಂತೆ ನೆಟ್ಟಗೆ ಎತ್ತಿ ಏಣಿಯ ಮೇಲಿಟ್ಟರು. ಒಂದೊಂದು ಗಂಟಿಗೂ "ಬಿಗಿಯಾಯ್ತಾ ಸಾಬ್ರೇ?" ಎಂದು ಕೇಳಿಕೊಂಡೇ ಕಟ್ಟಿದೆ.

ಗೌಡರು ಎತ್ತುಗಳನ್ನು ನಡೆಸಿಕೊಂಡೇ ಗಾಡಿ ಹೊಡೆದರು. ನಾನು ಸಾಬರ ತಲೆ ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದು ಕೂತೆ. ನನ್ನ ಮುಖದ ಸಿಹಿಗೆ ಮುತ್ತಿದ ನೊಣಗಳೂ ಮಂಡ್ಯದವರೆಗೆ ಜೊತೆಗೆ ಬಂದವು. ಕಟ್ಟಿಸಿಕೊಂಡವನಿಗೆ ಆಕಾಶ ಬಿಟ್ಟು ಏನೂ ಕಾಣುವುದಿಲ್ಲ. ಯಾರೂ ಮಾತಾಡದಿದ್ದರೆ ಎಲ್ಲಿಗೆ ಒಯ್ಯುತ್ತಿದ್ದಾರೋ ಎಂದು ಹೆದರಿಕೆಯಾಗುತ್ತದೆ. ಅದಕ್ಕೇ ದಾರಿಯುದ್ದಕ್ಕೂ ಮಾತಾಡಿದೆ. ಮಾತು ಮುಗಿದ ಮೇಲೆ ಪುರಾಣ ಹೇಳಿದೆ. ಪುರಾಣ ಮುಗಿದ ಮೇಲೆ ಹಾಡಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, "ಎಲುಬು ಇನ್ನಷ್ಟು ಕದಲದಂತೆ ತಂದಿದ್ದೀರಿ. ಕಾಲು ಉಳಿಯುತ್ತೆ" ಎಂದರು. ನಾನು ಹೊರಗೆ ಬಂದು ಗೋಡೆಗೆ ಮುಖ ಮಾಡಿಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ. ಗೌಡರು ನೋಡಿಯೂ ನೋಡದವರಂತೆ ಎತ್ತಿಗೆ ಹುಲ್ಲು ಹಾಕಿದರು.

ಐದಾರು ತಿಂಗಳಾದ ಮೇಲೆ ಬಾಷಾ ಸಾಬರು ಒಂದಿಷ್ಟು ಕುಂಟುತ್ತ, ಆದರೆ ಸ್ವಂತ ಕಾಲಲ್ಲೇ ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಕಾಫಿ ಕೊಟ್ಟಳು. ಸಾಬರು ಅವಳೆದುರು ನನ್ನನ್ನು ಬಹಳ ಹೊಗಳಿದರು. ನಾನು ಉಬ್ಬಿ, ಅಂದು ಕಟ್ಟಿದ್ದರಲ್ಲಿ ಏನಾದರೂ ಕೊರತೆಯಿತ್ತೇ ಎಂದು ಕೇಳಿದೆ. ಅವರು ಲೋಟ ಕೆಳಗಿಟ್ಟು ತುಸು ಯೋಚಿಸಿದರು.

"ಕಟ್ಟಿದ್ದೆಲ್ಲ ಸರಿಯಾಗೇ ಇತ್ತು ಮೇಷ್ಟ್ರೇ" ಎಂದರು. "ನೀವು ಹಾಡೋಕೆ ಶುರು ಮಾಡ್ದಾಗ ಕಿವಿ ಮುಚ್ಕೊಳ್ಳೋಕೆ ಒಂದು ಕೈನಾದ್ರೂ ಬಿಚ್ಚಿದ್ರೆ ಚೆನ್ನಾಗಿತ್ತು."

ನನ್ನ ಹೆಂಡತಿ ಎದ್ದು ಒಳಗೆ ಹೋಗಿ, ಸಾಬರಿಗೆ ಇನ್ನೊಂದು ಲೋಟ ಕಾಫಿ ತಂದುಕೊಟ್ಟಳು.